ಬಚ್ಚಲ ಗೂಡಿನ ಜೋಡಿ ಬಟ್ಟಲು

ಬಿಸಿನೀರಿಗೆ ಕಾದ ಪಿಂಗಾಣಿಯ ಮೇಲೆ ದಾಡಿಯ ಸಾಬೂನು ಕರಗತೊಡಗಿದಾಗ ಒಂದು ವಾಸನೆ ಏಳುತ್ತದೆ. ಬರೀ ಸಾಬೂನಿನದಲ್ಲ, ಬರೀ ಬಿಸಿನೀರಿನದೂ ಅಲ್ಲ. ತೊಯ್ದ ಕೂದಲಿನದು, ತುಸು ಸುಣ್ಣದ ಗೋಡೆಯದು, ಹಂಡೆಯ ಕೆಳಗೆ ಉರಿದು ಆರಿದ ಹತ್ತಿಕಟ್ಟಿಗೆಯದು. ಹಂಡೆ, ಹತ್ತಿಕಟ್ಟಿಗೆ ಯಾವುದೂ ನಮ್ಮ ಬೆಟಗೇರಿಯ ಮನೆಯಲ್ಲಿಲ್ಲ, ಗೀಜರ್ ಇದೆ. ಆದರೂ ಹೋದ ಮಾಗಿಯಲ್ಲಿ, ಹೊಸದಾಗಿ ತರಿಸಿದ ಬಟ್ಟಲಿನಲ್ಲಿ ಮೊದಲ ಸಲ ಬ್ರಶ್ಶು ತಿರುಗಿಸಿದಾಗ ಆ ವಾಸನೆ ಮೂಗಿಗೆ ಬಂತು ಎಂದು ನನಗೆ ಅನ್ನಿಸಿತು. ಅನ್ನಿಸಿತು ಎಂದೇ ಬರೆಯುತ್ತೇನೆ. ವಾಸನೆಗೆ ಸಾಕ್ಷಿ ಇರುವುದಿಲ್ಲ. ಇಲ್ಲದ ಹೊಗೆಯನ್ನು ಸೇರಿಸಿಕೊಂಡು ಅದನ್ನೇ ನೆನಪು ಎಂದು ಕರೆಯುವ ಚಾಳಿ ನನ್ನದು. ಕಳೆದುಹೋದ ಮನೆಯೊಂದು ನಿಮಗೂ ಇದ್ದರೆ, ಬಹುಶಃ ನಿಮ್ಮದೂ.

ಬಟ್ಟಲು ಬೇಕಾದದ್ದಕ್ಕೆ ಕಾರಣ ಸಾದಾ. ಮಾಗಿಯ ಮುಂಜಾನೆ ಒಂದು ಗಲ್ಲ ಮುಗಿಸಿ ಇನ್ನೊಂದಕ್ಕೆ ಬರುವಷ್ಟರಲ್ಲಿ ನೊರೆ ತಣ್ಣಗಾಗಿ, ಒಣಗಿ, ಬ್ಲೇಡು ಕೆರೆಯುತ್ತಿತ್ತು. ವಯಸ್ಸಿಗೆ ತೊಗಲು ತೆಳ್ಳಗಾಗಿದೆ. ನೊರೆಯನ್ನು ಬೆಚ್ಚಗಿಡುವ ಬಟ್ಟಲುಗಳಿವೆ ಎಂದು ಮೊಬೈಲು ತೋರಿಸಿತು: ಎರಡು ಗೋಡೆಯ ಪಿಂಗಾಣಿ, ಗೋಡೆಗಳ ನಡುವೆ ಬಿಸಿನೀರು ಹೊಯ್ಯಲು ಸಣ್ಣ ಬಾಯಿ, ಒಳಗಿನ ತಗ್ಗಿನಲ್ಲಿ ನೊರೆ. ನೋಡಲು ಸುಲಭ, ಆರಿಸಲು ಅಲ್ಲ. ಬಟ್ಟಲನ್ನು ಬಟ್ಟಲಿನ ಚೆಂದ ನೋಡಿ ಕೊಳ್ಳುವಂತಿಲ್ಲ, ಬ್ರಶ್ಶು ನೋಡಿ ಕೊಳ್ಳಬೇಕು. ಕೂದಲು ನೀರು ಕುಡಿದು ಅರಳಿದಾಗ ಎಷ್ಟು ಅಗಲವಾಗುತ್ತದೋ ಅದರ ಎರಡರಷ್ಟಾದರೂ ಬಟ್ಟಲಿನ ಒಡಲು ಇರಬೇಕು. ಇಲ್ಲದಿದ್ದರೆ ಕೂದಲ ತುದಿ ಗೋಡೆಗೆ ಒತ್ತಿ ಮುರಿಯುತ್ತದೆ. ತೀರ ಆಳವಾದರೆ ಹಿಡಿಕೆಯೇ ಮುಳುಗಿ ಬೆರಳಿಗೆಲ್ಲ ನೊರೆ. ತೀರ ನುಣುಪಾದರೆ ಸಾಬೂನು ಜಾರುತ್ತದೆಯೇ ಹೊರತು ನೊರೆ ಏಳುವುದಿಲ್ಲ. ತಳದಲ್ಲಿ ತುಸು ಗೆರೆ ಬೇಕು, ಮೆತ್ತನೆಯ ಕೂದಲಿನ ಬ್ರಶ್ಶಾದರೆ ಆ ಗೆರೆ ಚೂಪಾಗಿರಬಾರದು. ನನ್ನ ಬ್ರಶ್ಶು ಗಿಡ್ಡ, ದಪ್ಪ, ಬಿರುಸು ಕೂದಲಿನದು. ಅದನ್ನು ಕಿಸೆಯಲ್ಲಿಟ್ಟುಕೊಂಡು ಗದಗಿನ ಅಂಗಡಿಗಳನ್ನು ಸುತ್ತಿ ಒಂದೊಂದು ಬಟ್ಟಲಿನಲ್ಲೂ ತಿರುವಿ ನೋಡಿದೆ. "ಇದರಾಗ ಏನ ಕಲಸಾವ್ರು ಸರ?" ಎಂದು ಒಬ್ಬ ಅಂಗಡಿಯಾತ ಕೇಳಿದ. ದಾಡಿಯ ನೊರೆ ಎಂದೆ. "ಹಂಗಾರ ಇದು ಬ್ಯಾಡ್ರಿ, ಇದು ಉಣ್ಣಾಕ ಇಟ್ಟಿದ್ದು" ಎಂದು ಬಟ್ಟಲನ್ನು ನನ್ನ ಕೈಯಿಂದ ಇಸಿದುಕೊಂಡು, ಒಳಗೆಲ್ಲ ಒರೆಸಿ, ಮತ್ತೆ ಕಪಾಟಿನಲ್ಲಿಟ್ಟ. ಕೊನೆಗೆ ಮೊಬೈಲಿನಲ್ಲೇ ತರಿಸಿದೆ. "ಮಾರಿ ಅದ ಹಳೇದು, ಬಟ್ಟಲ ಅಷ್ಟ ಹೊಸಾದು" ಎಂದು ನನ್ನ ಹೆಂಡತಿ ಪೆಟ್ಟಿಗೆ ಬಿಚ್ಚಿ ನೋಡಿ ಹೇಳಿ ತನ್ನ ಕೆಲಸಕ್ಕೆ ಹೋದಳು.

ಆರಿಸುವಾಗ ನನ್ನ ಕೈ ಒಂದು ಗೊತ್ತಾದ ಅಳತೆಯನ್ನು ಹುಡುಕುತ್ತಿತ್ತು ಎಂಬುದು ಬಟ್ಟಲು ಮನೆಗೆ ಬಂದ ಮೇಲೆ ತಿಳಿಯಿತು. ಅದು ಲಕ್ಷ್ಮೇಶ್ವರದ ನಮ್ಮ ಅಜ್ಜನ ಬಟ್ಟಲಿನ ಅಳತೆ. ಅಜ್ಜನದು ಶೇಂಗಾ ಮತ್ತು ಹತ್ತಿಯ ದಲಾಲಿ. ಮನೆಯ ಮುಂಭಾಗವೇ ಅಂಗಡಿ, ನಡುವೆ ಪಡಸಾಲೆ, ಹಿಂದೆ ಅಡಿಗೆಮನೆ, ಅದರಾಚೆ ಹಿತ್ತಲು, ಹಿತ್ತಲಿನ ಮೂಲೆಗೆ ಬಚ್ಚಲು. ಬಚ್ಚಲಿನ ಹೊರಗೋಡೆಯಲ್ಲಿ ಒಂದು ಗೂಡು. ದಾಡಿಯ ಸಾಮಾನು ಮನೆಯೊಳಗೆ ಬರುವಂತಿರಲಿಲ್ಲ. ಕೂದಲು, ಉಗುರು, ಎಂಜಲು ಎಲ್ಲವೂ ಅಜ್ಜನ ಹೆಂಡತಿ, ನಮ್ಮ ಆಯಿಯ ಲೆಕ್ಕದಲ್ಲಿ ಒಂದೇ ಮೈಲಿಗೆ. ದಾಡಿ ಮಾಡಿಕೊಂಡವರು ಜಳಕ ಮಾಡದೆ ಹೊಸ್ತಿಲು ದಾಟುವಂತಿರಲಿಲ್ಲ. ಹಾಗಾಗಿ ಉಸ್ತರಾ ಕತ್ತಿ, ಕನ್ನಡಿಯ ಚೂರು, ಪಟಿಕದ ಹರಳು, ಹಿಮ್ಮಡ ತಿಕ್ಕುವ ಕಲ್ಲು, ಸಾಬೂನು, ಬ್ರಶ್ಶು, ಬಟ್ಟಲು, ಎಲ್ಲದರ ಕಾಯಂ ವಾಸ ಆ ಗೂಡು. ನಸುಕಿನಲ್ಲಿ ಅಜ್ಜ ಹಿತ್ತಲಿನ ಕಲ್ಲಿನ ಮೇಲೆ ಕೂತು, ಹಂಡೆಯಿಂದ ಒಂದು ತಂಬಿಗೆ ನೀರು ತೆಗೆದು ಸೊಟ್ಟಗಾದ ಹಿತ್ತಾಳೆ ಬೋಗುಣಿಗೆ ಹೊಯ್ದು, ಅದರೊಳಗೆ ಪಿಂಗಾಣಿ ಬಟ್ಟಲನ್ನು ಕೂಡಿಸುತ್ತಿದ್ದ. ಕೆಳಗೆ ಬಿಸಿನೀರು, ಮೇಲೆ ನೊರೆ. ನಾನು ಮೊಬೈಲಿನಲ್ಲಿ ಹುಡುಕಿ ತರಿಸಿದ ಎರಡು ಗೋಡೆಯ ಉಪಾಯವನ್ನು ಅಜ್ಜ ಎರಡು ಪಾತ್ರೆಯಲ್ಲಿ ಮಾಡಿಕೊಂಡಿದ್ದ. ಬ್ರಶ್ಶು ಬಟ್ಟಲಿಗೆ ತಾಗುವ ಆ ಗರಗರ ಸಪ್ಪಳಕ್ಕೆ ನಾನು ಏಳುತ್ತಿದ್ದೆ; ಬೆಚ್ಚನೆಯ ನೊರೆಯ ಒಂದು ಉಂಡೆಯನ್ನು ಅಜ್ಜ ನನ್ನ ಮೂಗಿನ ತುದಿಗೆ ಹಚ್ಚುತ್ತಿದ್ದ. ಈ ಕೊನೆಯ ಮಾತು ನಿಜವೋ, ಬೇರೆ ಯಾರದೋ ಮನೆಯಲ್ಲಿ ನೋಡಿದ್ದನ್ನು ನಾನು ಅಜ್ಜನ ಕೈಗೆ ಕೊಟ್ಟಿದ್ದೇನೋ, ಹೇಳಲಾರೆ.

ಆ ಬಟ್ಟಲು ಕೊಂಡ ಕತೆಯನ್ನು ಅಜ್ಜ ಊಟಕ್ಕೆ ಬಂದವರಿಗೆಲ್ಲ ಹೇಳುತ್ತಿದ್ದ. ಅವನೂ ಬ್ರಶ್ಶು ಕಿಸೆಯಲ್ಲಿಟ್ಟುಕೊಂಡೇ ಗದಗಿಗೆ ಹೋಗಿದ್ದನಂತೆ. ಅಂಗಡಿಯವನ ಹತ್ತಿರ ಪಿಂಗಾಣಿಯ ಒಂದು ಜೋಡಿ ಇತ್ತು: ಒಂದಕ್ಕೆ ಕಂಠದ ಸುತ್ತ ನೀಲಿ ಗೆರೆ, ಇನ್ನೊಂದಕ್ಕೆ ಮೈಮೇಲೆ ಗುಲಾಬಿ ಹೂ. ಜೋಡಿ ಎಂದರೂ ಗುಲಾಬಿಯದರ ಬಾಯಿ ತುಸು ಕಿರಿದು. ಬ್ರಶ್ಶು ಅದರಲ್ಲಿ ತಿರುಗುವಾಗ ಗೋಡೆಗೆ ತಿಕ್ಕುತ್ತಿತ್ತು. ನೀಲಿಯದು ಸರಿಹೋಯಿತು. "ಒಂದ ಕೊಡು ಅಂದ್ರ, ಜೋಡಿ ಒಡದ್ರ ಉಳದದ್ದು ಯಾರ ಒಯ್ತಾರ್ರಿ ಅಂದ. ಎರಡೂ ತಂದೆ. ನೀಲಿ ನನ್ನ ದಾಡಿಗಾತು, ಗುಲಾಬಿ ನಮ್ಮ ಇಮಾಮಗಾತು" ಎಂದು ಹೇಳಿ ನಗುತ್ತಿದ್ದ. ಕೇಳಿದವರೂ ನಗುತ್ತಿದ್ದರು. ನಗುವಂಥದ್ದು ಅದರಲ್ಲೇನಿದೆ ಎಂದು ನಾನು ಕೇಳಲಿಲ್ಲ, ನಾನೂ ನಗುತ್ತಿದ್ದೆ.

ಇಮಾಮಸಾಬರು ಅಡರಕಟ್ಟಿಯವರು, ಅಜ್ಜನ ಸಾಲಿಗೆಳೆಯ. ನಮ್ಮ ಅಜ್ಜನಿಗಿದ್ದದ್ದಕ್ಕಿಂತ ಹೆಚ್ಚು ಎರೆಹೊಲ ಅವರಿಗಿತ್ತು. ಸಂತೆಯ ದಿನ ಚಕ್ಕಡಿಯಲ್ಲಿ ಶೇಂಗಾ ಚೀಲ ಹೇರಿಕೊಂಡು ಬಂದರೆ ಅಂಗಡಿಯ ಗಾದಿಯ ಮೇಲೆ ಅಜ್ಜನ ಹೆಗಲಿಗೆ ಹೆಗಲು ಹಚ್ಚಿ ಕೂಡುತ್ತಿದ್ದರು. ನಾವು ಅವರನ್ನು ಇಮಾಮಜ್ಜ ಎನ್ನುತ್ತಿದ್ದೆವು. ಅಜ್ಜನನ್ನು ಲೇ ಎನ್ನುವ ಧೈರ್ಯವಿದ್ದ ಒಬ್ಬನೇ ಮನುಷ್ಯ ಅವರು. "ಏನಲೇ ಇಮಾಮಾ, ಎತ್ತಿಗಿಂತಾ ನೀನ ಸೊರಗಿದಂಗ ಕಾಣ್ತೀಯಲ್ಲ" ಎಂದು ಅಜ್ಜ ಕೆಣಕಿದರೆ, "ನಿನ್ನ ತಕ್ಕಡಿ ನೋಡಿ ನೋಡಿ ಸೊರಗೇನಲೇ, ಎತ್ತು ಪುಣ್ಯೇದ್ದು, ಹೊರಗ ನಿಂತಿರತೈತಿ" ಎನ್ನುತ್ತಿದ್ದರು. ಹೆಗಲು ತಾಗಬಹುದಿತ್ತು, ಒಂದೇ ಗಾದಿ ನಡೆಯುತ್ತಿತ್ತು, ಒಂದೇ ಎಲೆಅಡಿಕೆ ಚೀಲಕ್ಕೆ ಇಬ್ಬರ ಕೈಯೂ ಹೋಗುತ್ತಿತ್ತು. ಮನೆಯೊಳಗಿನ ತಾಮ್ರ, ಹಿತ್ತಾಳೆಯ ಪಾತ್ರೆ ಮಾತ್ರ ನಡೆಯುತ್ತಿರಲಿಲ್ಲ. ಅದಕ್ಕೇ ಗುಲಾಬಿ ಬಟ್ಟಲು. ಆದರೆ ನನಗೆ ತಿಳಿವಳಿಕೆ ಬಂದಾಗಿನಿಂದ ಆ ಬಟ್ಟಲಿನಲ್ಲಿ ಅವರು ಚಹಾ ಕುಡಿದದ್ದನ್ನು ನಾನು ನೋಡಿಲ್ಲ. ಇಮಾಮಜ್ಜ ಚಹಾ ಬಿಟ್ಟಿದ್ದರು. ನಾನು ಹುಟ್ಟುವ ಮೊದಲೇ, ಒಂದು ಸಂತೆಯ ದಿನ ಬಂದು "ಇವತ್ತಿಂದ ಚಹಾ ಬಿಟ್ಟೇನಿ" ಎಂದರಂತೆ, ಮತ್ತೆ ಮುಟ್ಟಲಿಲ್ಲವಂತೆ. ನಮ್ಮ ಮನೆಯಲ್ಲಿ ಅದೊಂದು ಪುರಾಣವಾಗಿತ್ತು. ಅಜ್ಜ ನಮ್ಮ ಹಟ, ಆಸೆಬುರುಕತನಗಳಿಗೆಲ್ಲ ಅದನ್ನೇ ಮದ್ದಾಗಿ ಕೊಡುತ್ತಿದ್ದ: "ಇಮಾಮನ್ನ ನೋಡಿ ಕಲೀರಿ. ಗಂಡಸಾದವ ಬಿಡಬೇಕಂದ್ರ ಹಂಗ ಬಿಡಬೇಕು." ಮುಂದೆ ನಾನೂ ನನ್ನ ಮಗನಿಗೆ, ಅವನು ಊಟಕ್ಕೆ ಕೂತಾಗಲೂ ಮೊಬೈಲು ಬಿಡದಿದ್ದಾಗ, ಇಮಾಮಜ್ಜನ ಚಹಾದ ಕತೆ ಹೇಳಿದ್ದೇನೆ, ಗದ್ಗದ ದನಿಯಲ್ಲಿ.

ಖಾಲಿ ಉಳಿದ ಗುಲಾಬಿ ಬಟ್ಟಲು ನನ್ನ ಆಟದ ಸಾಮಾನಾಯಿತು. ಹುಣಸೆ ಬೀಜಗಳನ್ನು ಅದರಲ್ಲಿಟ್ಟುಕೊಂಡಿದ್ದೆ. ಇಮಾಮಜ್ಜನಿಗೆ ಮುಂದೆ ಏನು ಕೊಡುತ್ತಿದ್ದರು ಎಂದರೆ, ಹುರಿದ ಶೇಂಗಾ, ಬೆಲ್ಲದ ಚೂರು, ಬಾಳೆಹಣ್ಣು. ನೀರು ಕೊಡುವುದು ನನ್ನ ಕೆಲಸ. ಅವರು ಕಟ್ಟೆಯ ಕೆಳಗೆ ಇಳಿದು ಬೊಗಸೆ ಒಡ್ಡುತ್ತಿದ್ದರು, ನಾನು ಕಟ್ಟೆಯ ಮೇಲೆ ನಿಂತು ತಂಬಿಗೆ ಎತ್ತರಕ್ಕೆ ಹಿಡಿದು ಹೊಯ್ಯುತ್ತಿದ್ದೆ. ಬಾಗಿದ ಅವರ ತಲೆಯ ಬಿಳಿ ಟೊಪ್ಪಿಗೆ, ಬೊಗಸೆಯಲ್ಲಿ ಗುಳುಗುಳು ತಿರುಗುವ ನೀರು, ಮೊಣಕೈಯಿಂದ ಸೋರಿ ಧೂಳಿನಲ್ಲಿ ಗುಳಿ ಮಾಡುವ ಹನಿಗಳು. ನಾನು ಬೇಕೆಂದೇ ಜೋರಾಗಿ ಹೊಯ್ದು ಅವರ ಗಡ್ಡ ತೋಯಿಸಿದರೆ, "ಸಾಕಪಾ ಮಾರಾಯಾ, ಕೆರಿ ತುಂಬಿತು" ಎಂದು ನಗುತ್ತಿದ್ದರು. ನನ್ನ ಬಾಲ್ಯದಲ್ಲಿ ಯಾವುದು ಚೆಂದವಿತ್ತು ಎಂದು ಯಾರಾದರೂ ಕೇಳಿದ್ದರೆ ಎಷ್ಟೋ ವರ್ಷ ಇದನ್ನೇ ಹೇಳುತ್ತಿದ್ದೆ. ಬಿಸಿಲು ಆ ನೀರಿನ ಧಾರೆಯ ಮೂಲಕ ಬರುತ್ತಿತ್ತು ಎಂದು ಕೂಡ ಸೇರಿಸುತ್ತಿದ್ದೆ. ನಮ್ಮ ಕಟ್ಟೆ ಬಡಗಣಕ್ಕಿತ್ತು, ಅಲ್ಲಿಗೆ ಬಿಸಿಲು ಹೇಗೆ ಬಂತೋ.

ಹೋದ ಮಾಗಿಗೆ ಮರಳುತ್ತೇನೆ. ನಮ್ಮ ಅವ್ವ ನಮ್ಮ ಜೊತೆಗೇ ಇದ್ದಾಳೆ. ಕಣ್ಣು ಮಂದವಾಗಿ ಮನುಷ್ಯರು ಅವಳಿಗೆ ನೆರಳಾಗಿದ್ದಾರೆ. ಉಳಿದದ್ದೆಲ್ಲ ಬೆರಳಿಗೆ ಬಿಟ್ಟದ್ದು. ಬಚ್ಚಲಿನ ಕಿಟಕಿಯಲ್ಲಿ ಒಣಗಲು ಇಟ್ಟಿದ್ದ ಹೊಸ ಬಟ್ಟಲು ಅವಳ ಕೈಗೆ ತಾಗಿತು. ಕಂಠದ ಸುತ್ತ, ತಳದ ಗೆರೆಗಳ ಮೇಲೆ, ನಿಧಾನವಾಗಿ ಬೆರಳಾಡಿಸಿದಳು.

"ಇದು ಯಾತರದು?"

"ದಾಡಿ ನೊರಿ ಮಾಡಾಕ, ಅವ್ವಾ. ನೊರಿ ಬೆಚ್ಚಗ ಇರತೈತಿ."

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಊಟವಾದ ಮೇಲೆ, ಮನೆಯವರು ಅಡ್ಡಾದ ಹೊತ್ತಿನಲ್ಲಿ, ನನ್ನನ್ನು ಹತ್ತಿರ ಕರೆದು ಕೂಡಿಸಿಕೊಂಡಳು.

"ನಾ ಒಂದು ತಪ್ಪ ಮಾಡೇನಿ. ಇಮಾಮಸಾಬರಿಗೆ ದಾಡಿ ಬಟ್ಟಲದಾಗ ಚಹಾ ಕೊಟ್ಟೇನಿ."

ನಾನು ನಕ್ಕೆ. ಅವಳು ನಗಲಿಲ್ಲ. ಮದುವೆಯಾಗಿ ಮುಂಡರಗಿಯಿಂದ ಲಕ್ಷ್ಮೇಶ್ವರಕ್ಕೆ ಬಂದ ಹೊಸತರಲ್ಲಿ ನಡೆದದ್ದು. ಅಜ್ಜ ಹೊರಗೆ ಹೋಗಿದ್ದ; ಆಯಿ ಪೂಜೆಗೆ ಕೂತರೆ ಮಾತಾಡುವಂತಿರಲಿಲ್ಲ. ಅಷ್ಟರಲ್ಲಿ ಇಮಾಮಸಾಬರು ಬಂದರು. ಅವರು ಬಂದರೆ ಹಿತ್ತಲ ಗೂಡಿನಲ್ಲಿರುವ ಬಟ್ಟಲಿನಲ್ಲಿ ಚಹಾ ಕೊಡಬೇಕು ಎಂದು ಆಯಿ ಮೊದಲೇ ಹೇಳಿಟ್ಟಿದ್ದಳು. "ಹೋಗಿ ನೋಡಿದ್ರ ಎರಡ ಬಟ್ಟಲ ಅದಾವು" ಎಂದಳು ಅವ್ವ. "ನಮ್ಮ ಮುಂಡರಗ್ಯಾಗ ದಾಡಿ ಮಾಡಾಂವ ಬಂದು ಕಟ್ಟಿ ಮ್ಯಾಲ ಕುಂತು ಮಾಡಿ ಹೋಗತಿದ್ದ. ಬಟ್ಟಲ, ಬ್ರಶ್ಶ ಎಲ್ಲಾ ಅವನ ಪೆಟಿಗ್ಯಾಗ. ಮನಿಯಾಗ ದಾಡಿ ಬಟ್ಟಲ ಅಂತ ಒಂದು ಇರತೈತಿ ಅನ್ನೂದು ನನಗೇನ ಗೊತ್ತು? ಎರಡರಾಗ ದೊಡ್ಡದು ತೊಗೊಂಡೆ. ದೊಡ್ಡ ಮನಶ್ಯಾ ಬಂದಾನ, ಚಹಾ ಹೆಚ್ಚಿಗಿ ಹಿಡೀಲಿ ಅಂತ."

ನೀರು ಹಾಕಿ ಕುಲುಕಿ ಚೆಲ್ಲಿ, ಚಹಾ ತುಂಬಿ, ಪಡಸಾಲೆಯಲ್ಲಿಟ್ಟು ಒಳಗೆ ಬಂದಳು. ಸ್ವಲ್ಪ ಹೊತ್ತಿಗೆ ಹೊರಗೆ ಬಂದರೆ ಇಮಾಮಸಾಬರಿಲ್ಲ, ಬಟ್ಟಲೂ ಇಲ್ಲ. ಹಿತ್ತಲಿಗೆ ಹೋದರೆ ಗೂಡಿನಲ್ಲಿ ನೀಲಿ ಬಟ್ಟಲು ತೊಳೆದು ಬೋರಲು ಹಾಕಿತ್ತು, ಇನ್ನೂ ನೀರು ಸೋರುತ್ತಿತ್ತು. ಕೆಲಸದವಳು ತೊಳೆದಿರಬೇಕು ಅಂದುಕೊಂಡಳು. ಮರುದಿನ ನಸುಕಿನಲ್ಲಿ ಹಿತ್ತಲಿಗೆ ಹೋದಾಗ ಅದೇ ಬಟ್ಟಲಿನಲ್ಲಿ ಮಾವ ಬ್ರಶ್ಶು ತಿರುವುತ್ತಿದ್ದ.

"ನಿಂತಲ್ಲೇ ನಿಂತೆ. ಮುಂದಿನ ಸಂತಿಗೆ ಅವರು ಬಂದು ಚಹಾ ಬಿಟ್ಟೇನಿ ಅಂದ್ರು. ಮನ್ಯಾಗೆಲ್ಲಾ ಏನ ಛಲೋ ಮನಶ್ಯಾ ಅಂತ ಹೊಗಳಾಕತ್ರು. ನಾ ಒಬ್ಬಾಕಿ ಅಡಗಿಮನ್ಯಾಗ ಕುಂತು ಅತ್ತೆ."

"ಬಿಡವ್ವಾ, ಯಾವ ಕಾಲದ್ದು."

"ನಿನಗ ಯಾವ ಕಾಲದ್ದೋ. ನನಗ ದಿನಾ ಮುಂಜಾನಿದು. ನಿಮ್ಮಜ್ಜ ಇರೂತನಕ ಆ ಬ್ರಶ್ಶಿನ ಸಪ್ಪಳ ಕೇಳಬೇಕಾತಲ್ಲ."

ನನ್ನನ್ನು ನಿದ್ದೆಯಿಂದ ಎಬ್ಬಿಸುತ್ತಿದ್ದ ಅದೇ ಸಪ್ಪಳ. ಒಂದೇ ಮನೆಯ ಒಂದೇ ಸದ್ದಿನಲ್ಲಿ ನಾವಿಬ್ಬರೂ ಅಷ್ಟು ವರ್ಷ ಬೇರೆ ಬೇರೆ ಊರುಗಳಲ್ಲಿ ಬದುಕಿದ್ದೆವು. ಯಾರ ಮುಂದೆಯೂ ಅವಳು ಹೇಳಿರಲಿಲ್ಲ. ಹೇಳಿದ್ದರೆ ಆಯಿಯ ಬಾಯಿಗೆ ಸಿಗುತ್ತಿದ್ದಳು. ಇಮಾಮಸಾಬರನ್ನೇ ಕೇಳಬೇಕೆಂದು ಎಷ್ಟೋ ಸಲ ಪಡಸಾಲೆಯ ಬಾಗಿಲ ತನಕ ಬಂದು ತಿರುಗಿ ಹೋಗಿದ್ದಳು. ಈಗ ಅವರಿಲ್ಲ, ಅಜ್ಜನಿಲ್ಲ, ಆಯಿ ಇಲ್ಲ, ನಮ್ಮ ಅಪ್ಪನೂ ಇಲ್ಲ; ಮನೆ ಇದ್ದ ಜಾಗದಲ್ಲಿ ಕೆಳಗೆ ಮೊಬೈಲಿನ ಅಂಗಡಿ, ಮೇಲೆ ಬ್ಯಾಂಕು. ಇರುವವಳು ಒಬ್ಬಳೇ, ಇಮಾಮಸಾಬರ ಮಗಳು ಮಾಬೂಬಿ. ಶಿರಹಟ್ಟಿಯಲ್ಲಿ ಸಾಲಿಯ ಮಾಸ್ತರಿಕೆ ಮಾಡಿ ನಿವೃತ್ತಳಾಗಿ ಅಲ್ಲೇ ಉಳಿದಿದ್ದಳು. "ಆಕಿಗೆ ಗೊತ್ತಿರಬೇಕು" ಎಂದಳು ಅವ್ವ. "ಅವರಿಗೆ ತಿಳದಿತ್ತೋ ಇಲ್ಲೋ, ನನ್ನ ಸಲುವಾಗಿ ಬಿಟ್ರೋ ಏನ, ಅದೊಂದು ತಿಳಕೊಂಡು ಹೋಗತೇನಿ. ನನ್ನ ಕರಕೊಂಡ ನಡಿ."

ಮಾಬೂಬಿ ಅಂಗಳದ ಕರಿಬೇವಿನ ಗಿಡದ ನೆರಳಿನಲ್ಲಿ ಹೊರಸು ಹಾಕಿ ನಮ್ಮನ್ನು ಕೂಡಿಸಿದಳು. ಅವ್ವನಿಗಿಂತ ತುಸು ಚಿಕ್ಕವಳು, ದನಿ ಮಾತ್ರ ಇನ್ನೂ ತರಗತಿಯ ಕೊನೆಯ ಸಾಲ ತನಕ ಮುಟ್ಟುವಂಥದ್ದು. ಆ ಮನೆಯಲ್ಲಿ ಕೂತು ನಾನು ಮಾತು ಹುಡುಕುತ್ತಿದ್ದೆ. ಮಳೆ, ಬೆಳೆ, ಅವಳ ಪಿಂಚಣಿ. ಅವ್ವ ಅದ್ಯಾವುದಕ್ಕೂ ಕಾಯಲಿಲ್ಲ. ಮಾಬೂಬಿಯ ಕೈ ಹಿಡಿದುಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿ, "ನಿಮ್ಮಪ್ಪಗ ಗೊತ್ತಾಗಿತ್ತೇನ ಯವ್ವಾ?" ಎಂದು ಕೇಳಿದಳು.

ಮಾಬೂಬಿ ಒಂದು ಗಳಿಗೆ ಅವಳ ಮುಖ ನೋಡಿ ಗಟ್ಟಿಯಾಗಿ ನಗತೊಡಗಿದಳು. "ಅಯ್ಯ ಅಕ್ಕಾರ, ಇಷ್ಟ ದಿನ ಇದನ್ನ ಹೊಟ್ಯಾಗ ಇಟಗೊಂಡ ಕುಂತೀರೇನು? ಗೊತ್ತಾಗದ ಏನು. ಅಬ್ಬಾ ಮನಿಗೆ ಬಂದು ನಕ್ಕೋತ ಹೇಳಿದ್ರು, ಇವತ್ತ ದಲಾಲಿ ಮನಿ ಸೊಸಿ ನನಗ ನೊರಿ ಚಹಾ ಕುಡಿಸಿದ್ಲು ಅಂತ. ಚೆಲ್ಲಿ ಬರಬೇಕಿಲ್ಲೇನ್ರಿ ಅಂತ ನಮ್ಮ ಅಮ್ಮಾ ಅಂದ್ರ, ಚೆಲ್ಲಿದ್ರ ಆ ಹುಡುಗಿ ಮಾರಿ ಏನಾಗತಿತ್ತು, ಮದರಂಗಿ ಸೈತ ಮಾಸಿಲ್ಲ ಆಕಿ ಕೈಯಾಗಿಂದು ಅಂದ್ರು. ಪೂರಾ ಕುಡದು ಬಂದಿದ್ರು."

"ಪೂರಾ?"

"ತಳಾ ಕಾಣೂತನಕ. ನಿಮ್ಮ ಮ್ಯಾಲ ಎಳ್ಳಕಾಳಷ್ಟ ಸಿಟ್ಟಿರಲಿಲ್ಲ. ಖರೆ ಹೇಳತೇನಿ."

"ಹಂಗಾರ ಚಹಾ ಯಾಕ ಬಿಟ್ರವಾ?"

ಮಾಬೂಬಿ ನನ್ನ ಕಡೆ ಒಮ್ಮೆ ನೋಡಿದಳು. "ಪಿತ್ತ ಅಕ್ಕಾರ. ಚಹಾ ಬ್ಯಾಡಂತ ಡಾಕ್ಟರು ಅಂದಿದ್ರು" ಎಂದಳು. ಅವ್ವ ಹಿಡಿದಿದ್ದ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಒಮ್ಮೆಲೆ ಹಸಿವಾಗಿದೆ ಎಂದಳು. ಮಾಬೂಬಿ ಒಳಗಿನಿಂದ ರೊಟ್ಟಿ, ಬದನೆಕಾಯಿ ಪಲ್ಯ ತಂದಳು. ಅವ್ವ ಹೊಟ್ಟೆ ತುಂಬ ಉಂಡಳು, ಅತ್ತೆಯ ಕಾಟ, ಮೊದಲ ಪಂಚಮಿಗೆ ತವರಿಗೆ ಹೋದದ್ದು, ಏನೇನೋ ನೆನಪು ಮಾಡಿಕೊಂಡು ಮಾತಾಡಿದಳು. ನಾನು ಒಂದೇ ರೊಟ್ಟಿಗೆ ಎದ್ದೆ. ಮಾಬೂಬಿ ನನ್ನ ಕಡೆ ನೋಡಿದ್ದನ್ನು ನಾನು ಕಂಡಿದ್ದೆ.

ಹೊರಡುವಾಗ ಅವ್ವ ಕೈ ತೊಳೆಯಲು ಒಳಗೆ ಹೋದಳು. ನಾವಿಬ್ಬರೇ ಅಂಗಳದ ಬಾಗಿಲಲ್ಲಿ ನಿಂತಿದ್ದೆವು. ಸುಮ್ಮನಿರಬಹುದಿತ್ತು. ಕೇಳಿದೆ: "ಪಿತ್ತ ಇತ್ತೇನ್ರಿ ಅವರಿಗೆ?"

"ಅಬ್ಬಾ ತೀರಿಕೊಂಡ ದಿನಾನೂ ಚಹಾ ಬೇಡಿ ಕುಡದು ಹೋದ್ರು" ಎಂದಳು. ದನಿ ಈಗ ತಗ್ಗಿತ್ತು. "ಬಿಟ್ಟಿದ್ದು ನಿಮ್ಮ ಮನ್ಯಾಗ ಅಷ್ಟ. ನೀವು ಕೇಳಿದ್ರಿ ಅಂತ ಹೇಳತೇನಿ, ಅಕ್ಕಾರ ಮುಂದ ಬ್ಯಾಡ. ಆ ಗುಲಾಬಿ ಬಟ್ಟಲದ ಸುದ್ದಿ ನಮ್ಮ ಮನ್ಯಾಗ ಎಲ್ಲಾರಿಗೂ ಗೊತ್ತಿತ್ತು. ಲಕ್ಷ್ಮೇಶ್ವರದಾಗ ನನ್ನ ಹೆಸರಿಂದು ಒಂದು ಬಟ್ಟಲ ಐತಿ, ಗೆಳ್ಯಾ ಗದಗಿನಿಂದ ತಂದಾನ ಅಂತ ಅಬ್ಬಾ ಹೇಳಾವ್ರು. ಬ್ಯಾರೆ ಇಡತಾರ ಅನ್ನೂದು ತಿಳೀದ ಮನಶ್ಯಾ ಅಲ್ಲ, ಆ ಕಾಲನ ಹಂಗಿತ್ತು. ಬ್ಯಾರೆ ಇಟ್ರೂ ಎಲ್ಲೋ ಒಂದು ಕಡೆ ಛಂದಂಗ ಇಟ್ಟಿರಬೇಕು ಅಂತ ತಿಳದಿದ್ರು. ಅವತ್ತ ಸೊಸಿಗೆ ಬೈಗಳಾ ಬೀಳಬಾರದು ಅಂತ ತಾವ ಮನಿ ಬಾಜೂದ ಸಂದ್ಯಾಗಿಂದ ಹಿತ್ತಲಕ ಹೋಗಿ ದಾಡಿ ಬಟ್ಟಲ ತೊಳದು ಇಡಾಕ ಹೋದ್ರಂತ. ಗೂಡಿನ್ಯಾಗ ನೋಡಿದ್ರ ಗುಲಾಬಿ ಬಟ್ಟಲ ಅಲ್ಲೇ ಐತಿ. ಹಿಮ್ಮಡ ತಿಕ್ಕೂ ಕಲ್ಲಿನ ಬಾಜೂಕ."

ಒಳಗೆ ಅವ್ವ ನೀರು ಹಾಕಿಕೊಳ್ಳುವ ಸಪ್ಪಳ ಕೇಳುತ್ತಿತ್ತು.

"ಅಜ್ಜಗ ಯಾಕ ಒಂದ ಮಾತ ಅನ್ನಲಿಲ್ಲ ಅವರು?"

"ಅಂದಿದ್ರ ನಿಮ್ಮಜ್ಜಾರು ಆ ಬಟ್ಟಲ ಒಳಗ ಇಡಸ್ತಿದ್ರು. ಇಡಸಿದ್ರ ನಿಮ್ಮ ಆಯಿ ಕೂಡ ಜಗಳ. ಇಡಸದಿದ್ರ ಇಬ್ಬರಿಗೂ ಮಾರಿ ತೋರಸಾಕ ಆಗತಿದ್ದಿಲ್ಲ. ಗೆಳೆತನ ಇಟಗೋಬೇಕಂದ್ರ ಚಹಾ ಬಿಡೂದು ಸಸ್ತಾ ಅನಿಸಿರಬೇಕು." ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

ಆಮೇಲೆ ಈ ಲೆಕ್ಕವನ್ನು ಎಷ್ಟೋ ಸಲ ಹಾಕಿದ್ದೇನೆ. ಹುರಿದ ಶೇಂಗಾ, ಬೆಲ್ಲ, ಬಾಳೆಹಣ್ಣು: ಪಾತ್ರೆ ಬೇಡದವು. ನೀರಿಗೆ ಬೊಗಸೆ. ನಮ್ಮ ಮನೆಯ ಯಾವ ಪಾತ್ರೆಯೂ ತನ್ನ ತುಟಿಗೆ ತಾಗದ ಹಾಗೆ, ತನ್ನ ತುಟಿಯೂ ನಮ್ಮ ಯಾವ ಪಾತ್ರೆಗೂ ತಾಗದ ಹಾಗೆ ಆ ಮನುಷ್ಯ ಅಷ್ಟು ವರ್ಷ ನಮ್ಮ ಮನೆಗೆ ಬಂದು, ನಕ್ಕು, ಹೋಗಿದ್ದಾನೆ. ಕಟ್ಟೆಯ ಮೇಲೆ ನಿಂತು ಅವನ ಬಗ್ಗಿದ ತಲೆಯ ಮೇಲಿನಿಂದ ನೀರು ಹೊಯ್ದವನು ನಾನು, ಅದಕ್ಕೆ ಬಿಸಿಲು ಸೇರಿಸಿದವನೂ ನಾನು. ಗೊತ್ತಿರಲಿಲ್ಲ ಎನ್ನಬಹುದು. ಗುಲಾಬಿ ಬಟ್ಟಲಿನಲ್ಲಿ ಹುಣಸೆ ಬೀಜ ತುಂಬಿಡುವವನಿಗೆ ಅದರ ಪಕ್ಕದಲ್ಲಿದ್ದ ಕಲ್ಲು ಕಂಡಿರಲಿಲ್ಲವೇ? ಕಂಡಿತ್ತು. ಕಲ್ಲನ್ನು ಸರಿಸಿಯೇ ಬಟ್ಟಲು ತೆಗೆಯುತ್ತಿದ್ದೆ. ಎಲ್ಲ ಕಂಡಿತ್ತು, ಯಾವುದೂ ಕೆಟ್ಟದಾಗಿ ಕಂಡಿರಲಿಲ್ಲ. ಹೊಸ ಬಟ್ಟಲನ್ನು ಯಾರಿಗಾದರೂ ಕೊಟ್ಟುಬಿಡಬೇಕೆಂದುಕೊಂಡೆ, ಕೊಡಲಿಲ್ಲ. ಬ್ರಶ್ಶಿಗೆ ಅದು ಸರಿಯಾಗಿ ಹೊಂದುತ್ತದೆ. ಎರಡನೆಯ ಗಲ್ಲದ ತನಕ ನೊರೆ ಬೆಚ್ಚಗಿರುತ್ತದೆ, ಬ್ಲೇಡು ಕೆರೆಯುವುದಿಲ್ಲ. ದಿನವೂ ಅದರಲ್ಲೇ ದಾಡಿ ಮಾಡಿಕೊಳ್ಳುತ್ತೇನೆ ಎಂಬುದನ್ನೂ ಬರೆದುಬಿಡಬೇಕು.

ಶಿರಹಟ್ಟಿಯಿಂದ ಮರಳುವ ಬಸ್ಸಿನಲ್ಲಿ ಅವ್ವ ಕಿಟಕಿಯ ಬದಿ ಕೂತಳು. ಗಾಳಿಗೆ ಸೆರಗು ಹಾರುತ್ತಿದ್ದರೂ ಹಿಡಿದುಕೊಳ್ಳಲಿಲ್ಲ. ಹೊರಗೆ ಕಡಲೆಯ ಹೊಲಗಳಿದ್ದವು. ಅವಳಿಗೆ ಅವು ಹಸಿರೋ ಕಪ್ಪೋ ತಿಳಿಯುತ್ತಿರಲಿಲ್ಲ, ಆದರೂ ಮುಖ ಅತ್ತ ಕಡೆಗೇ ಇತ್ತು.

"ಬಾಗಲದಾಗ ನಿಂತು ಏನ ಹೇಳಿದ್ಲು ಮಾಬೂಬಿ?"

"ಬಸ್ಸಿಂದು, ಅವ್ವಾ. ಸೊರಟೂರ ಮ್ಯಾಲ ಹೋಗೂದು ಜಲ್ದಿ ಮುಟ್ಟತೈತಿ ಅಂದ್ರು."

"ಛಲೋ ಹೆಣ್ಣಮಗಳು" ಎಂದಳು. ಸೊರಟೂರಿನಲ್ಲಿ ಬುಟ್ಟಿ ಹಿಡಿದ ಒಬ್ಬ ಹೆಂಗಸು ಹತ್ತಿ, ನಮ್ಮ ಸೀಟಿನ ತುದಿಗೆ ಒತ್ತಿಕೊಂಡು ಕೂತಳು. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದಳು. ಅವ್ವ ನನ್ನನ್ನು ದಾಟಿ ಅವಳ ಕಡೆ ಬಾಗಿ ಹೇಳತೊಡಗಿದಳು, ಯಾರ ಮುಂದೆಯೂ ಬಾಯಿ ಬಿಡದಿದ್ದ ನಮ್ಮ ಅವ್ವ. "ನಾ ಹೊಸಾ ಸೊಸಿ ಇದ್ದಾಗ ಏನ ಮಾಡಿದ್ದೆ ಗೊತ್ತೈತೇನ ತಂಗಿ? ಮನಿಗೆ ಬಂದ ಹಿರ್ಯಾರಿಗೆ ದಾಡಿ ಬಟ್ಟಲದಾಗ ಚಹಾ ಕೊಟ್ಟಿದ್ದೆ."

ಆ ಹೆಂಗಸು ಬಾಯಿಗೆ ಸೆರಗು ಹಚ್ಚಿಕೊಂಡಳು. "ಯವ್ವಾ. ಕುಡದ್ರೇನ್ರಿ?"

"ಪೂರಾ ಕುಡದ್ರು. ತಳಾ ಕಾಣೂತನಕ. ಸಾಬೂನ ಹತ್ತಿತ್ತು, ಒಂದ ಮಾತ ಅನ್ನಲಿಲ್ಲ."

ಹೆಂಗಸು ಬುಟ್ಟಿ ಅಲುಗುವ ಹಾಗೆ ನಕ್ಕಳು. ಮುಂದಿನ ಸೀಟಿನವರು ತಿರುಗಿ ಏನೆಂದು ಕೇಳಿದರು, ಅವ್ವ ಮತ್ತೊಮ್ಮೆ ಹೇಳಿದಳು, ಈ ಸಲ ಇನ್ನಷ್ಟು ಚೆಂದ ಮಾಡಿ, ಬಟ್ಟಲನ್ನು ಇನ್ನಷ್ಟು ದೊಡ್ಡದು ಮಾಡಿ. ಅವರೂ ನಕ್ಕರು. ಅವ್ವ ನನ್ನ ಮೊಣಕೈ ಹಿಡಿದು, ನಾನೂ ನಗುತ್ತಿದ್ದೇನೆಯೇ ಎಂದು ಕಾಣದ ಕಣ್ಣುಗಳಿಂದ ನನ್ನ ಕಡೆ ತಿರುಗಿದಳು. ಅವಳಿಗೆ ಕೇಳಿಸುವಷ್ಟು ಜೋರಾಗಿ ನಾನು ನಕ್ಕೆ.